ಊರಿಗೆ ನೀರು ಕೊಡುವ ಹಳ್ಳ ಎಲ್ಲಿ ಕೆಡುತ್ತಿದೆ? ಹುಡುಕುವ ದಾರಿ ಹೀಗಿದೆ

"ನಲ್ಲಿ ನೀರು ವಾಸನೆ ಹೊಡೀತಿದೆ. ಮೇಲಿನ ಎಸ್ಟೇಟಿನವರು ಪಲ್ಪರ್ ನೀರು ಬಿಡ್ತಿದ್ದಾರೆ. ಅವರನ್ನ ಹಿಡಿಯೋದು ಹೇಗೆ?"

ಕಾಫಿ ಕೊಯ್ಲು ಶುರುವಾದರೆ ಸಾಕು, ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ಓದುಗರು ಇದನ್ನೇ ಕೇಳುತ್ತಾರೆ. ಪಲ್ಪರ್ ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಅದರಿಂದ ಹೊರಬರುವ ಕೊಳೆ ನೀರೇ ಪಲ್ಪರ್ ನೀರು. ಪ್ರಶ್ನೆಯ ಮೊದಲ ಅರ್ಧ ಸರಿಯಾಗಿಯೇ ಇರುತ್ತದೆ. ಎರಡನೇ ಅರ್ಧ ಎಷ್ಟೋ ಸಲ ತಪ್ಪು. ಯಾರ ಮೇಲೆ ಅನುಮಾನ ಇದೆಯೋ ಅವರ ಗೇಟಿನಿಂದ ಹುಡುಕಲು ಹೊರಟರೆ ಅವರ ವಿರುದ್ಧ ಏನಾದರೊಂದು ಸಿಕ್ಕೇ ಸಿಗುತ್ತದೆ. ನೀರು ಕೆಡಿಸಿದ್ದು ಅದೇನಾ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಹುಡುಕಾಟ ಶುರುವಾಗಬೇಕಾದದ್ದು ಊರಿಗೆ ನೀರೆತ್ತುವ ಜಾಕ್‌ವೆಲ್‌ನಿಂದ. ಅಲ್ಲಿಂದ ನೀರಿಗೆ ಎದುರಾಗಿ, ಕವಲು ಕವಲಾಗಿ ಮೇಲೆ ಹೋಗಬೇಕು. ಈ ಲೇಖನದಲ್ಲಿರುವುದು ಅದೇ ದಾರಿ.

ಮಡಿಕೇರಿಗೆ ಕೂಟುಹೊಳೆಯಿಂದ ನೀರು ಬರುತ್ತದೆ. ವಿರಾಜಪೇಟೆಗೆ ಬೇತ್ರಿಯಲ್ಲಿ ಕಾವೇರಿಯಿಂದ. ಚಿಕ್ಕಮಗಳೂರಿಗೆ ಯಗಚಿ ಮತ್ತು ಹಿರೇಕೊಳಲೆ ಕೆರೆ, ಸಕಲೇಶಪುರಕ್ಕೆ ಹೇಮಾವತಿ. ಮೂಲ ಚಿಕ್ಕ ಹಳ್ಳವಾಗಿರಲಿ, ದೊಡ್ಡ ಹೊಳೆಯಾಗಿರಲಿ, ಹುಡುಕುವ ಕ್ರಮ ಒಂದೇ. ದೊಡ್ಡ ಹೊಳೆಯಾದರೆ ಕಾಲು ಜಾಸ್ತಿ ನೋಯುತ್ತದೆ, ಅಷ್ಟೇ.

ಏನೇನು ಬೇಕು

ಒಂದು ನೋಟ್‌ಬುಕ್ಕು, ಪೆನ್ಸಿಲ್ಲು (ಪೆನ್ನಿನ ಶಾಯಿ ಮಳೆಗೆ ಅಳಿಸಿ ಹೋಗುತ್ತದೆ), ಅಳತೆ ಟೇಪು, ಉದ್ದನೆಯ ಕೋಲು, ಲೊಕೇಶನ್ ಆನ್ ಇರುವ ಮೊಬೈಲು, ಗಮ್ ಬೂಟು. ಆನ್‌ಲೈನಲ್ಲಿ ಸಿಗುವ ಟಿಡಿಎಸ್ ಪೆನ್ನು, ಪಿಎಚ್ ಪಟ್ಟಿ, ನೋಟು ಪರೀಕ್ಷಿಸುವ ಅಂಗಡಿಯವರ ಹತ್ತಿರ ಇರುವಂಥ ಯುವಿ ಟಾರ್ಚು. ಎರಡು ಕಿತ್ತಳೆ. ಹಣ್ಣು ಯಾಕೆ ಅಂತ ಮುಂದೆ ಹೇಳುತ್ತೇನೆ. ಜೊತೆಗೆ ಒಬ್ಬರು ಬೇಕೇ ಬೇಕು, ಒಂಟಿಯಾಗಿ ಹಳ್ಳ ಹತ್ತಬೇಡಿ.

ಪದೇ ಪದೇ ಬರುವ ನಾಲ್ಕು ಪದಗಳನ್ನು ಈಗಲೇ ಹೇಳಿಬಿಡುತ್ತೇನೆ.

ಟಿಡಿಎಸ್ ಅಂದರೆ ನೀರಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಪಿಎಚ್ ಅಂದರೆ ಹುಳಿಯ ಅಳತೆ: 7 ಸಮ, ಅದಕ್ಕಿಂತ ಕಡಿಮೆಯಾದಷ್ಟೂ ಹುಳಿ. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಲು ಬೇಕಾಗುವ ಆಮ್ಲಜನಕ. ಅದು ಜಾಸ್ತಿ ಇದ್ದರೆ ಕೊಳೆ ಜಾಸ್ತಿ, ಮೀನಿಗೆ ಉಸಿರು ಕಮ್ಮಿ. ಇ. ಕೋಲಿ ಅಂದರೆ ಮನುಷ್ಯರ ಮತ್ತು ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ. ಅದು ನೀರಲ್ಲಿ ಸಿಕ್ಕರೆ ಮಲ ಸೇರಿದೆ ಅಂತ ಅರ್ಥ.

ಹಂತ 1: ಪಂಪ್‌ಹೌಸಿನ ರಿಜಿಸ್ಟರ್ ನೋಡಿ

ಹಳ್ಳಕ್ಕೆ ಇಳಿಯುವ ಮೊದಲು ನೀರು ಶುದ್ಧೀಕರಣ ಘಟಕಕ್ಕೆ ಹೋಗಿ. ಅಲ್ಲಿನ ನೀರಗಂಟಿಯನ್ನೋ ಆಪರೇಟರನ್ನೋ ಮಾತಾಡಿಸಿ. ಕೇಳಬೇಕಾದ್ದು ಒಂದೇ ಮಾತು: "ಅಣ್ಣ, ಯಾವ ತಿಂಗಳು ಬ್ಲೀಚಿಂಗ್ ಜಾಸ್ತಿ ಹಿಡಿಯುತ್ತೆ? ಯಾವ ತಿಂಗಳು ಆಲಮ್?"

ಬ್ಲೀಚಿಂಗ್ ಅಂದರೆ ಕ್ರಿಮಿ ಕೊಲ್ಲಲು ಹಾಕುವ ಕ್ಲೋರಿನ್ ಪುಡಿ. ಆಲಮ್ ಅಂದರೆ ಪಟಿಕ, ಕದಡಿದ ನೀರನ್ನು ತಿಳಿಯಾಗಿಸಲು ಹಾಕುತ್ತಾರೆ. ಜೂನ್‌ನಲ್ಲಿ ಆಲಮ್ ಏರಿದರೆ ಮಣ್ಣು ಕೊಚ್ಚಿ ಬರುತ್ತಿದೆ. ಆದರೆ ನೀರು ಕಣ್ಣಿಗೆ ತಿಳಿಯಾಗಿರುವ ಜನವರಿ, ಫೆಬ್ರವರಿಯಲ್ಲಿ ಕ್ಲೋರಿನ್ ಎಷ್ಟು ಹಾಕಿದರೂ ಸಾಲುತ್ತಿಲ್ಲ ಅಂದರೆ ಕೊಳಚೆಯನ್ನೋ ಪಲ್ಪರ್ ನೀರನ್ನೋ ಹುಡುಕಬೇಕು. ಅಮೋನಿಯಾ ಮತ್ತು ಕೊಳೆಯುವ ವಸ್ತು ಕ್ಲೋರಿನ್ನನ್ನು ನುಂಗಿಹಾಕುತ್ತವೆ. ಹತ್ತು ಲ್ಯಾಬ್ ರಿಪೋರ್ಟಿಗಿಂತ ಈ ಒಂದು ರಿಜಿಸ್ಟರ್ ಜಾಸ್ತಿ ಹೇಳುತ್ತದೆ. ತೋರಿಸದಿದ್ದರೆ ಜಗಳಕ್ಕೆ ಇಳಿಯಬೇಡಿ. ಮಾಹಿತಿ ಹಕ್ಕಿನಲ್ಲಿ ಕಳೆದ 2 ವರ್ಷದ ದಿನವಹಿ ದಾಖಲೆ ಮತ್ತು ನೀರಿನ ಪರೀಕ್ಷಾ ವರದಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾನೂನೇ ಇದೆ.

ಇಲ್ಲೇ ಒಂದು ಸೂತ್ರ ನೆನಪಿಡಿ. ಹರಿವು ಇಳಿದಂತೆ ಕೊಳಕು ಏರಿದರೆ, ಅದು ಮಳೆಗೂ ಬಿಸಿಲಿಗೂ ನಿಲ್ಲದೆ ದಿನಾ ಸೇರುವ ಪೈಪು ಅಥವಾ ಚರಂಡಿ. ಮಳೆ ಬಂದಾಗ ಏರಿದರೆ, ಅದು ನೆಲದ ಮೇಲಿಂದ ಕೊಚ್ಚಿ ಬರುವುದು: ಗೊಬ್ಬರ, ಸಗಣಿ, ರಸ್ತೆ ಕೆಲಸದ ಮಣ್ಣು, ಕಸದ ಗುಡ್ಡೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ಮೊದಲ ಜೋರು ಹೊಡೆತಕ್ಕೆ ನೀರು ಕೆಡುವುದು ಈ ಎರಡನೇ ಜಾತಿ. ಯಾವ ಕಾಲದಲ್ಲಿ ಹುಡುಕಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. ಬೇಸಿಗೆಯ ಕಾಯಿಲೆಗೆ ಆಗಸ್ಟ್‌ನಲ್ಲಿ ಹಳ್ಳ ಹತ್ತಿದರೆ ಇಂಬಳ ಕಚ್ಚಿಸಿಕೊಂಡದ್ದೇ ಲಾಭ.

ಹಂತ 2: ನಕ್ಷೆ ಬರೆದುಕೊಳ್ಳಿ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆ ಒಂದು ಸಿಕ್ಕರೆ ಸಾಕು. ಜಾಕ್‌ವೆಲ್‌ಗೆ ಗುರುತು ಹಾಕಿ, ಅಲ್ಲಿಂದ ಮೇಲೆ ಸೇರುವ ಪ್ರತಿ ಕವಲಿಗೂ ನಂಬರ್ ಕೊಡಿ. ಮಳೆ ಬಿದ್ದರೆ ಈ ಹಳ್ಳಕ್ಕೇ ಇಳಿಯುವ ಜಾಗ ಎಲ್ಲಿಯವರೆಗಿದೆ ಅಂತ ಗುಡ್ಡದ ನೆತ್ತಿಯ ಉದ್ದಕ್ಕೂ ಗೆರೆ ಎಳೆಯಿರಿ. ಆ ಗೆರೆಯ ಹೊರಗಿರುವ ರೆಸಾರ್ಟ್ ಎಷ್ಟೇ ದೊಡ್ಡದಿದ್ದರೂ ನಿಮ್ಮ ಹಳ್ಳಕ್ಕೆ ಸಂಬಂಧ ಇಲ್ಲ. ಊರವರ ಅನುಮಾನದ ಪಟ್ಟಿಯಲ್ಲಿ ಒಂದಿಷ್ಟು ಹೆಸರು ಇಲ್ಲೇ ಬಿದ್ದುಹೋಗುತ್ತವೆ.

ಗೆರೆಯ ಒಳಗಿರುವುದನ್ನೆಲ್ಲ ಗುರುತು ಮಾಡಿ: ಪಲ್ಪರ್ ಇರುವ ತೋಟ, ಲೈನ್ ಮನೆಗಳು (ತೋಟದ ಕೆಲಸಗಾರರ ಸಾಲು ಮನೆಗಳು), ಹೋಮ್‌ಸ್ಟೇ, ಹಂದಿ ಸಾಕಣೆ, ಹಾಸ್ಟೆಲ್, ಗ್ಯಾರೇಜು, ಕೋಳಿ ಅಂಗಡಿ, ಕಸ ಸುರಿಯುವ ಜಾಗ, ರಸ್ತೆಯ ಮೋರಿಗಳು. ಮೋರಿಗಳನ್ನು ಬಿಡಬೇಡಿ. ಒಂದು ಸಲ ಊರೆಲ್ಲ ಬೆರಳು ತೋರಿಸಿದ ಪಲ್ಪರಿನ ಸುತ್ತ ನಾನು ಎರಡು ದಿನ ಕಳೆದೆ. ಅವರ ತೊಟ್ಟಿಗಳು ಸರಿಯಾಗಿಯೇ ಇದ್ದವು. ಎರಡು ಕಿಲೋಮೀಟರ್ ಕೆಳಗೆ, ಟಾರ್ ರಸ್ತೆಯ ಮೋರಿಯ ಪಕ್ಕ ಟ್ಯಾಂಕರಿನ ಚಕ್ರದ ಗುರುತು ಸಿಕ್ಕಿತು. ಶೌಚಗುಂಡಿ ಖಾಲಿ ಮಾಡುವ ಗಾಡಿಯೊಂದು ರಾತ್ರಿ ಅಲ್ಲೇ ಪೈಪು ಇಳಿಬಿಡುತ್ತಿತ್ತು.

ಜಾಗದ ಸರ್ವೆ ನಂಬರ್ ಬೇಕಾದರೆ ಕರ್ನಾಟಕ ಸರ್ಕಾರದ ದಿಶಾಂಕ್ ಆ್ಯಪ್ ಇದೆ. ನಿಂತ ಜಾಗದಲ್ಲೇ ನಂಬರ್ ತೋರಿಸುತ್ತದೆ. ದೂರಿನಲ್ಲಿ "ದೊಡ್ಡ ಅತ್ತಿಮರದ ಹತ್ತಿರ" ಅಂತ ಬರೆದರೆ ಯಾವ ಅಧಿಕಾರಿಯೂ ಬರುವುದಿಲ್ಲ. ಸರ್ವೆ ನಂಬರ್ ಬರೆದರೆ ತಪ್ಪಿಸಿಕೊಳ್ಳುವುದು ಕಷ್ಟ.

ಹಂತ 3: ಮೊದಲ ಸಲ ಸುಮ್ನೆ ನಡೆಯಿರಿ

ಮೊದಲ ದಿನ ಬಾಟಲಿ ತೆಗೆದುಕೊಂಡು ಹೋಗಬೇಡಿ. ಕಣ್ಣು, ಮೂಗು ಸಾಕು. ಜಾಕ್‌ವೆಲ್‌ನಿಂದ ಮೇಲಕ್ಕೆ ನಡೆಯುತ್ತಾ ಕಂಡದ್ದನ್ನೆಲ್ಲ ಬರೆಯಿರಿ, ಪ್ರತಿ ಕವಲಿನ ಫೋಟೋ ತೆಗೆಯಿರಿ.

ಕಲ್ಲುಗಳನ್ನು ಎತ್ತಿ ನೋಡಿ. ಒಳ್ಳೆಯ ಹಳ್ಳದಲ್ಲಿ ಕಲ್ಲಿನ ಅಡಿಗೆ ಚಪ್ಪಟೆ ಮೈಯ, ಎರಡು ಅಥವಾ ಮೂರು ಎಳೆ ಬಾಲದ ಹುಳಗಳು ಸರಸರ ಓಡುತ್ತವೆ. ಮರಳಿನ ಕಾಳು ಅಂಟಿಸಿ ಕಟ್ಟಿಕೊಂಡ ಪುಟ್ಟ ಕೊಳವೆಗಳು ಕಾಣುತ್ತವೆ, ಒಳಗೊಂದು ಹುಳ ಇರುತ್ತದೆ. ಇವೆರಡೂ ಆಮ್ಲಜನಕ ಕಮ್ಮಿಯಾದರೆ ಬದುಕುವುದಿಲ್ಲ. ಅದೇ ಹಳ್ಳದಲ್ಲಿ ನೂರು ಹೆಜ್ಜೆ ಮೇಲೆ ಇವು ತುಂಬಿದ್ದು, ಕೆಳಗೆ ಒಂದೂ ಇಲ್ಲದೆ ಕೆಸರಿನಲ್ಲಿ ಕೆಂಪು ದಾರದಂಥ ಹುಳ ಮಾತ್ರ ಇದ್ದರೆ, ಆ ನೂರು ಹೆಜ್ಜೆಯ ನಡುವೆ ಏನೋ ಸೇರುತ್ತಿದೆ. ಇನ್ನೊಂದು ಗುರುತು, ಕಲ್ಲಿಗೂ ಬಿದ್ದ ಕೊಂಬೆಗೂ ಅಂಟಿಕೊಂಡು ನೀರಲ್ಲಿ ಆಡುವ ಬೂದು ಬಣ್ಣದ ಲೋಳೆ. ಒದ್ದೆ ಹತ್ತಿಯ ಎಳೆಗಳ ಹಾಗೆ ಕಾಣುತ್ತದೆ. ಇದು ಕೊಳಚೆ ಅಥವಾ ಪಲ್ಪರ್ ನೀರು ತಿಂದು ಬೆಳೆಯುವ ಬ್ಯಾಕ್ಟೀರಿಯಾ. ಇದು ಶುರುವಾಗುವ ಜಾಗದ ಮೇಲುಗಡೆಯೇ, ಹೆಚ್ಚು ದೂರವಿಲ್ಲದೆ, ಮೂಲ ಇರುತ್ತದೆ.

ಹಾಗೆಯೇ, ಹೆದರಬೇಕಾಗಿಲ್ಲದ್ದೂ ಇದೆ. ದಡದಲ್ಲಿ ಒಸರುವ ಜಾಗದಲ್ಲಿ ಕೇಸರಿ ಬಣ್ಣದ ಕೆಸರು, ಅದರ ಮೇಲೆ ಕಾಮನಬಿಲ್ಲಿನ ಪೊರೆ ಕಂಡರೆ "ಡೀಸೆಲ್ ಬಿಟ್ಟಿದ್ದಾರೆ" ಅಂತ ಕೂಗಬೇಡಿ. ಕಡ್ಡಿಯಿಂದ ಚುಚ್ಚಿ ನೋಡಿ. ಪೊರೆ ಗಾಜಿನ ಚೂರಿನ ಹಾಗೆ ಒಡೆದು ಹಾಗೆಯೇ ನಿಂತರೆ ಅದು ಮಣ್ಣಿನ ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾದ ಕೆಲಸ, ಸಹಜ. ಒಡೆದದ್ದು ಮತ್ತೆ ಸುತ್ತಿ ಬಂದು ಕೂಡಿಕೊಂಡರೆ ಎಣ್ಣೆ. ನೊರೆಯೂ ಹೀಗೇ. ಮಳೆಗಾಲದಲ್ಲಿ ಎಲೆ ಕೊಳೆತು ಕಂದು ನೊರೆ ಬರುತ್ತದೆ, ಮಣ್ಣಿನ ವಾಸನೆ ಇರುತ್ತದೆ. ಬಟ್ಟೆ ಸೋಪಿನ ನೊರೆ ಬೆಳ್ಳಗಿರುತ್ತದೆ, ಸೆಂಟಿನ ವಾಸನೆ ಹೊಡೆಯುತ್ತದೆ.

ಪಲ್ಪರ್ ನೀರಿನ ವಾಸನೆ ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಮತ್ತು ಲೋಳೆಯಲ್ಲಿ ಸಕ್ಕರೆ ಇದೆ, ಅದು ಹುಳಿತು ನೀರು ಹುಳಿಯಾಗುತ್ತದೆ. ಪಿಎಚ್ 4ರ ಆಸುಪಾಸಿಗೆ ಬೀಳುವುದುಂಟು. ನಿಂತರೆ ಕಪ್ಪಾಗುತ್ತದೆ. ಮನೆಗಳ ಕೊಳಚೆ ನೀರಿನ ಬಿಒಡಿ ಸಾಮಾನ್ಯವಾಗಿ ಲೀಟರಿಗೆ 200-300 ಮಿಲಿಗ್ರಾಂ ಇದ್ದರೆ, ಸಂಸ್ಕರಿಸದ ಪಲ್ಪರ್ ನೀರಿನದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಜನವರಿಯ ಸಣ್ಣ ಹಳ್ಳದ ಉಸಿರು ಕಟ್ಟಿಸಲು ಅದು ಸ್ವಲ್ಪ ಸೇರಿದರೂ ಸಾಕು.

*ಎಚ್ಚರಿಕೆ:* ಕಂದಾಯ ದಾಖಲೆಯಲ್ಲಿ ಹಳ್ಳ 'ಬಿ ಖರಾಬು', ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅಂತ ಇರುವುದು ರೂಢಿ. ಹಾಗಂತ ಬೇಲಿ ಹಾರಿ ತೋಟಕ್ಕೆ ನುಗ್ಗುವ ಹಕ್ಕು ಬರುವುದಿಲ್ಲ. ಕೇಳಿ ಹೋಗಿ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಆನೆ ಓಡಾಡುವ ಕಡೆ ಬೆಳಿಗ್ಗೆ ಬೇಗನೂ ಬೇಡ, ಸಂಜೆ ಹೊತ್ತೂ ಬೇಡ. ಕಾಲಿಗೆ ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಇಲಿ ಜ್ವರ ಬರುವುದೇ ಆ ದಾರಿಯಲ್ಲಿ.

ಹಂತ 4: ಕವಲು ಕವಲಿಗೆ ಅಳೆಯಿರಿ

ಈ ಕೆಲಸದ ಜೀವ ಇರುವುದು ಇಲ್ಲಿ. ನಿಧಾನಕ್ಕೆ ಓದಿ.

ಪಶ್ಚಿಮ ಘಟ್ಟದ ಹಳ್ಳದ ನೀರು ಹುಟ್ಟುವಾಗ ಹೆಚ್ಚು ಕಮ್ಮಿ ಮಳೆ ನೀರಿನಷ್ಟೇ ತೆಳು. ಟಿಡಿಎಸ್ ಪೆನ್ನಿನಲ್ಲಿ 20, 30, 40 ಅಂತ ಬರುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರಾದರೆ 600 ಇರುವ ಕಡೆ 30 ಸೇರಿದರೂ ಗೊತ್ತಾಗುವುದಿಲ್ಲ. ನಮ್ಮ ಹಳ್ಳಗಳಲ್ಲಿ 30 ಇದ್ದದ್ದು 60 ಆದರೆ ಕಣ್ಣಿಗೆ ಹೊಡೆಯುತ್ತದೆ. ಅಗ್ಗದ ಪೆನ್ನು ಮಲೆನಾಡಲ್ಲಿ ಇಷ್ಟು ಉಪಯೋಗಕ್ಕೆ ಬರುವುದು ಈ ಕಾರಣಕ್ಕೆ.

ಪ್ರತಿ ಸಂಗಮದಲ್ಲಿ ಮೂರು ಕಡೆ ಅಳೆಯಿರಿ: ಎಡ ಕವಲು, ಬಲ ಕವಲು, ಕೂಡಿದ ನಂತರ. ಕೂಡಿದ ತಕ್ಷಣ ಅಳೆಯಬೇಡಿ. ಎರಡು ನೀರೂ ಸ್ವಲ್ಪ ದೂರ ಅಕ್ಕಪಕ್ಕವೇ ಹರಿಯುತ್ತವೆ. ಕಲ್ಲಿನ ಮೇಲಿಂದ ಹಾರಿ, ಒಂದೆರಡು ತಿರುವು ದಾಟಿದ ಮೇಲೆ ಎರಡೂ ದಡದಲ್ಲಿ ಒಂದೇ ಸಂಖ್ಯೆ ಬಂದರೆ ಬೆರೆತಿದೆ ಅಂತ ಅರ್ಥ. ಜಾಸ್ತಿ ಬಂದ ಕವಲು ಹಿಡಿದು ಮೇಲೆ ಹೋಗಿ, ಮುಂದಿನ ಸಂಗಮದಲ್ಲಿ ಮತ್ತೆ ಅದೇ ಕೆಲಸ. ಕೊನೆಗೆ ಒಂದು ಸಣ್ಣ ತುಂಡು ಉಳಿಯುತ್ತದೆ: ಮೇಲ್ತುದಿಯಲ್ಲಿ ನೀರು ಚೆನ್ನಾಗಿದೆ, ಕೆಳತುದಿಯಲ್ಲಿ ಕೆಟ್ಟಿದೆ. ಆ ತುಂಡಿನ ಎರಡೂ ದಡ ಹುಡುಕಿದರೆ ಆಯಿತು.

ಪೆನ್ನನ್ನು ಬಾಟಲಿಯ ಕುಡಿಯುವ ನೀರಿನಲ್ಲಿ ದಿನಾ ಬೆಳಿಗ್ಗೆ ಒಮ್ಮೆ ಅದ್ದಿ ಸಂಖ್ಯೆ ಬರೆದುಕೊಳ್ಳಿ. ಒಂದೇ ಬ್ರ್ಯಾಂಡ್, ಒಂದೇ ಬಾಟಲಿ. ದಿನದಿಂದ ದಿನಕ್ಕೆ ಆ ಸಂಖ್ಯೆ ಅಲ್ಲಾಡಿದರೆ ಅಲ್ಲಾಡಿದ್ದು ಪೆನ್ನು, ಹಳ್ಳ ಅಲ್ಲ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಟಿಡಿಎಸ್ ಕಮ್ಮಿ ಇದೆ, ಹಾಗಾಗಿ ನೀರು ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಪೆನ್ನಿಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಅದು ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ.

ಹಂತ 5: ಹರಿವನ್ನೂ ಅಳೆಯಿರಿ

ಈಗ ಕಿತ್ತಳೆ ಹೊರಗೆ ತೆಗೆಯಿರಿ. ನೇರವಾಗಿ ಹರಿಯುವ 10 ಮೀಟರ್ ಅಳೆದು ಎರಡು ತುದಿಗೂ ಗುರುತಿಡಿ. ಮೇಲಿನ ಗುರುತಿಗಿಂತ ಸ್ವಲ್ಪ ಹಿಂದೆ ಹಣ್ಣು ಬಿಡಿ. ಕಿತ್ತಳೆ ಮುಕ್ಕಾಲು ಮುಳುಗಿ ತೇಲುತ್ತದೆ, ಗಾಳಿಗೆ ಜಗ್ಗುವುದಿಲ್ಲ, ಬಣ್ಣ ದೂರಕ್ಕೂ ಕಾಣುತ್ತದೆ. ಕೆಳಗೆ ಮುಟ್ಟಲು ಎಷ್ಟು ಸೆಕೆಂಡ್ ಅಂತ ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ.

ಹಳ್ಳ 2 ಮೀಟರ್ ಅಗಲ, ಕೋಲಿನಿಂದ ಐದಾರು ಕಡೆ ಅಳೆದಾಗ ಸರಾಸರಿ ಆಳ 20 ಸೆಂಟಿಮೀಟರ್ ಅಂದುಕೊಳ್ಳೋಣ. ಅಗಲ ಗುಣಿಸು ಆಳ, 0.4 ಚದರ ಮೀಟರ್. ಹಣ್ಣು 25 ಸೆಕೆಂಡಿನಲ್ಲಿ 10 ಮೀಟರ್ ಹೋದರೆ ವೇಗ ಸೆಕೆಂಡಿಗೆ 0.4 ಮೀಟರ್. ಮೇಲ್ಮೈ ನೀರು ತಳಕ್ಕಿಂತ ವೇಗ, ಅದಕ್ಕೆ 0.85ರಿಂದ ಗುಣಿಸಿ: 0.34. ಒಟ್ಟು 0.4 ಗುಣಿಸು 0.34, ಅಂದರೆ 0.136 ಘನ ಮೀಟರ್. ಸೆಕೆಂಡಿಗೆ 136 ಲೀಟರ್.

ಈ ತಲೆನೋವು ಯಾಕೆ ಅಂತೀರಾ? ಒಂದು ಲೆಕ್ಕ ನೋಡಿ. ಎಡಕ್ಕೊಂದು ನಾರುವ ಸಣ್ಣ ತೋಡು, ಸೆಕೆಂಡಿಗೆ 3 ಲೀಟರ್, ಲೀಟರಿಗೆ 6 ಮಿಲಿಗ್ರಾಂ ಅಮೋನಿಯಾ. ಬಲಕ್ಕೊಂದು ತಿಳಿಯಾದ ಹಳ್ಳ, 60 ಲೀಟರ್, ಲೀಟರಿಗೆ ಬರೀ 0.5 ಮಿಲಿಗ್ರಾಂ. ಊರವರೆಲ್ಲ ತೋಡಿನ ಕಡೆ ಕೈ ತೋರಿಸುತ್ತಾರೆ. ಗುಣಿಸಿ ನೋಡಿ: ತೋಡು ತರುವುದು ಸೆಕೆಂಡಿಗೆ 18 ಮಿಲಿಗ್ರಾಂ, ತಿಳಿ ಹಳ್ಳ ತರುವುದು 30. ತೋಡನ್ನು ಪೂರ್ತಿ ಮುಚ್ಚಿಸಿದರೂ ಜಾಕ್‌ವೆಲ್‌ಗೆ ಬರುವ ಕೊಳಕಿನಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದೇ ಇರುತ್ತದೆ.

ಇದೇ ಗುಣಾಕಾರ ಬಚ್ಚಿಟ್ಟುಕೊಂಡ ಪೈಪನ್ನೂ ತೋರಿಸುತ್ತದೆ. ಒಂದು ಕವಲಲ್ಲಿ ಟಿಡಿಎಸ್ 40, ಹರಿವು 60 ಲೀಟರ್. ಇನ್ನೊಂದರಲ್ಲಿ 100, ಹರಿವು 20 ಲೀಟರ್. ಎರಡೂ ಬೆರೆತರೆ 55 ಬರಬೇಕು. ಸಂಗಮದ ಕೆಳಗೆ ನಿಮ್ಮ ಪೆನ್ನು 70 ತೋರಿಸಿದರೆ, ಅಲ್ಲೇ ಎಲ್ಲೋ ಮೂರನೆಯದೊಂದು ಸೇರುತ್ತಿದೆ. ಪೊದೆ ಸರಿಸಿ ನೋಡಿ.

ಹಂತ 6: ಹೊತ್ತು ಯಾವುದು?

ಬೆಳಿಗ್ಗೆ ಹನ್ನೊಂದಕ್ಕೆ ತಿಂಡಿ ತಿಂದು ಹೋಗಿ ಅಳೆದು, "ಏನೂ ಇಲ್ಲ" ಅಂತ ವಾಪಸ್ ಬಂದವರನ್ನು ಬಹಳ ನೋಡಿದ್ದೇನೆ. ಹಣ್ಣು ಕೊಯ್ಯುವುದು ಹಗಲು. ಪಲ್ಪರ್ ಓಡುವುದು ಅದೇ ಸಂಜೆ, ರಾತ್ರಿ. ಅರೇಬಿಕಾ ತಳಿಯ ಕಾಫಿಗೆ ನವೆಂಬರ್‌ನಿಂದ ಜನವರಿ, ರೊಬಸ್ಟಾ ತಳಿಗೆ ಅಲ್ಲಿಂದ ಮಾರ್ಚ್‌ವರೆಗೆ. ರೊಬಸ್ಟಾವನ್ನು ಹಾಗೇ ಒಣಗಿಸಿ ಚೆರ್ರಿ ಮಾಡುವ ತೋಟದಲ್ಲಿ ಪಲ್ಪರ್ ನೀರೇ ಇರುವುದಿಲ್ಲ, ಅದನ್ನೂ ತಿಳಿದುಕೊಳ್ಳಿ. ಹೋಮ್‌ಸ್ಟೇಗಳ ಕೊಳಚೆ ಶನಿವಾರ, ಭಾನುವಾರ ಏರುತ್ತದೆ. ಬೆಡ್‌ಶೀಟ್ ಒಗೆಯುವುದು ಸೋಮವಾರ.

ಹೊತ್ತಿನಿಂದ ಜಾಗವನ್ನೂ ಅಂದಾಜು ಮಾಡಬಹುದು. ನೀರು ಸೆಕೆಂಡಿಗೆ 0.3 ಮೀಟರ್ ಹರಿದರೆ ಗಂಟೆಗೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಜಾಕ್‌ವೆಲ್‌ನಲ್ಲಿ ವಾಸನೆ ಬಂದದ್ದು ಬೆಳಗಿನ ಜಾವ 4ಕ್ಕೆ, ಅನುಮಾನ ಇರುವ ಜಾಗ 6 ಕಿಲೋಮೀಟರ್ ಮೇಲೆ ಅಂದರೆ ಬಿಟ್ಟದ್ದು ಹತ್ತು ಹತ್ತೂವರೆಗೆ. ಪಂಪ್‌ಹೌಸಿನ ರಾತ್ರಿ ಪಾಳಿಯವರಿಗೆ ಒಂದು ಪೆನ್ನು ಕೊಟ್ಟು, ಗಂಟೆಗೊಮ್ಮೆ ಟಿಡಿಎಸ್ ಬರೆದಿಡಲು ಹೇಳಿ. ಒಂದು ವಾರದ ಆ ಹಾಳೆ ಚಿನ್ನ. ಗುಂಡಿಗಳಲ್ಲಿ ನೀರು ನಿಂತು ನಿಂತು ಬರುವುದರಿಂದ ಲೆಕ್ಕಕ್ಕಿಂತ ತಡವೇ ಆಗುತ್ತದೆ, ಬೇಗ ಆಗುವುದಿಲ್ಲ.

ಹಂತ 7: ಯಾವ ಜಾತಿಯ ಕೊಳಕು ಅಂತ ಬೇರೆ ಮಾಡಿ

ಇದಕ್ಕೆ ನನಗೆ ತುಂಬ ಇಷ್ಟವಾದ ಒಂದು ಉಪಾಯ ಇದೆ. ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪು ಹೊಳೆಯಿಸುವ ರಾಸಾಯನಿಕ ಹಾಕಿರುತ್ತಾರೆ. ಅದು ಹತ್ತಿಗೆ ಅಂಟಿಕೊಳ್ಳುತ್ತದೆ, ಯುವಿ ಬೆಳಕಿಗೆ ನೀಲಿಯಾಗಿ ಹೊಳೆಯುತ್ತದೆ. ಬಿಳುಪು ಮಾಡದ ಹತ್ತಿಯ ಉಂಡೆಯನ್ನು ಈರುಳ್ಳಿ ಚೀಲದ ಜಾಲರಿಯಲ್ಲಿ ಕಟ್ಟಿ, ನೆರಳಿರುವ ಕಡೆ ಹರಿವ ನೀರಿನಲ್ಲಿ ಕಲ್ಲಿಗೆ ಬಿಗಿಯಿರಿ. ನಾಲ್ಕೈದು ದಿನ ಬಿಟ್ಟು ತೆಗೆದು, ಹಳ್ಳದ ನೀರಲ್ಲೇ ಕೆಸರು ತೊಳೆದು, ಕತ್ತಲ ಕೋಣೆಯಲ್ಲಿ ಒಣಗಿಸಿ. ಆಮೇಲೆ ಬಳಸದ ಇನ್ನೊಂದು ಉಂಡೆಯ ಪಕ್ಕ ಇಟ್ಟು ಟಾರ್ಚು ಬಿಡಿ. ಕವಲಿಗೊಂದು ಉಂಡೆ ಕಟ್ಟಿದ್ದರೆ ಯಾವುದು ಹೊಳೆಯುತ್ತದೋ ಅದರ ಮೇಲೆ ಮನೆ, ಹಾಸ್ಟೆಲ್ ಅಥವಾ ಹೋಮ್‌ಸ್ಟೇಯ ನೀರು ಇದೆ. ಮೆಡಿಕಲ್ ಶಾಪಿನ ಕೆಲವು ಹತ್ತಿ ಮೊದಲೇ ಹೊಳೆಯುತ್ತದೆ, ಕಟ್ಟುವ ಮುಂಚೆ ಟಾರ್ಚು ಬಿಟ್ಟು ನೋಡಿ.

ಇದನ್ನು ಉಳಿದ ಗುರುತುಗಳ ಜೊತೆ ಸೇರಿಸಿ (ಬಿಒಡಿ, ಇ. ಕೋಲಿ, ಅಮೋನಿಯಾ, ನೈಟ್ರೇಟ್ ಮುಂದಿನ ಹಂತದ ಲ್ಯಾಬ್ ವರದಿಯಿಂದ ಸಿಗುತ್ತವೆ). ಪಿಎಚ್ ಬಿದ್ದಿದೆ, ಬಿಒಡಿ ಏರಿದೆ, ಹತ್ತಿ ಹೊಳೆಯುತ್ತಿಲ್ಲ: ಪಲ್ಪರ್. ಪಿಎಚ್ ಸರಿ ಇದೆ, ಇ. ಕೋಲಿ ಮತ್ತು ಅಮೋನಿಯಾ ಇದೆ, ಹತ್ತಿ ಹೊಳೆಯುತ್ತದೆ: ಮನೆಗಳ ಕೊಳಚೆ. ಇ. ಕೋಲಿ, ಅಮೋನಿಯಾ ಇದ್ದು ಹತ್ತಿ ಹೊಳೆಯದಿದ್ದರೆ ಹಂದಿ ಸಾಕಣೆ ಅಥವಾ ಕೊಟ್ಟಿಗೆಯ ಕಡೆ ನೋಡಿ. ಬಟ್ಟೆ ನೀರು ಸೇರದ ಬರೀ ಶೌಚಗುಂಡಿಯೂ ಹೀಗೇ ಕಾಣುತ್ತದೆ, ಅವಸರಪಟ್ಟು ಹಂದಿಯವರನ್ನು ಬೈಯಬೇಡಿ. ಅಮೋನಿಯಾ ಇಲ್ಲದೆ ನೈಟ್ರೇಟ್ ಮಾತ್ರ ಏರಿದ್ದರೆ ಗೊಬ್ಬರ, ಇಲ್ಲವೇ ದೂರದಿಂದ ಇಂಗಿ ಬಂದ ಹಳೆ ಕೊಳಚೆ.

*ಎಚ್ಚರಿಕೆ:* ಯಾವ ಮನೆಯ ಶೌಚಗುಂಡಿ ಸೋರುತ್ತಿದೆ ಅಂತ ಬಣ್ಣ ಬಿಟ್ಟು ನೋಡುವ ವಿಧಾನ ಇದೆ. ಕುಡಿಯುವ ನೀರಿನ ಹಳ್ಳದಲ್ಲಿ ಅದನ್ನು ನೀವಾಗಿ ಮಾಡಬೇಡಿ. ನಲ್ಲಿಯಲ್ಲಿ ಹಸಿರು ನೀರು ಬಂದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಹಂತ 8: ಲ್ಯಾಬಿಗೆ ಕೊಡುವ ನೀರು

ಜಾಗ, ಹೊತ್ತು ಎರಡೂ ಗೊತ್ತಾದ ಮೇಲೆ ಲ್ಯಾಬಿಗೆ ದುಡ್ಡು ಹಾಕಿ. ಮೊದಲು ಫೋನ್ ಮಾಡಿ. ಬ್ಯಾಕ್ಟೀರಿಯಾ ಪರೀಕ್ಷೆಗೆ ಒಂದೆರಡು ದಿನ ಬೇಕಾಗುವುದರಿಂದ ಹಲವು ಕಡೆ ರಜೆಯ ಹಿಂದಿನ ದಿನ ಮಾದರಿ ತೆಗೆದುಕೊಳ್ಳುವುದಿಲ್ಲ. ಬಾಟಲಿಗಳನ್ನು ಅವರಿಂದಲೇ ತನ್ನಿ.

ಬ್ಯಾಕ್ಟೀರಿಯಾ ಬಾಟಲಿಯನ್ನು ತೊಳೆಯಬೇಡಿ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಂತು, ನಿಮ್ಮ ಕಾಲು ಕದಡಿದ ಕೆಸರು ಹಿಂದಕ್ಕೆ ಹೋಗುವ ಹಾಗೆ, ಒಂದು ಗೇಣು ಆಳಕ್ಕೆ ಅದ್ದಿ. ಮೇಲೆ ಸ್ವಲ್ಪ ಜಾಗ ಬಿಡಿ. ಬಿಒಡಿ ಬಾಟಲಿಗೆ ಇದರ ಉಲ್ಟಾ: ಗುಳ್ಳೆಯೂ ಇಲ್ಲದ ಹಾಗೆ ತುಂಬಿ. ಎಲ್ಲವನ್ನೂ ಐಸ್ ಹಾಕಿದ ಥರ್ಮೋಕೋಲ್ ಡಬ್ಬದಲ್ಲಿಟ್ಟು, ಸಾಧ್ಯವಾದರೆ 6 ಗಂಟೆಯೊಳಗೆ, ಯಾವ ಕಾರಣಕ್ಕೂ 24 ಗಂಟೆ ಮೀರದಂತೆ ತಲುಪಿಸಿ. ಕೆಳಗಿನ ಜಾಗದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಪೈಪಿನ ಬಾಯಿಯದು ಒಂದು, ಅದರ ಮೇಲೊಂದು, ಕೆಳಗೊಂದು. ಮೇಲಿನ ಮಾದರಿ ಇಲ್ಲದಿದ್ದರೆ ಕೆಳಗಿನದಕ್ಕೆ ಬೆಲೆಯೇ ಇಲ್ಲ.

ಮಲದ ಬ್ಯಾಕ್ಟೀರಿಯಾ ಇದ್ದರೆ ನೀರು ಕಪ್ಪಾಗುವ ಎಚ್‌ಟುಎಸ್ ಪರೀಕ್ಷಾ ಬಾಟಲಿ ಸಾಕಲ್ವಾ ಅಂತ ಕೇಳುತ್ತೀರಿ. ನಲ್ಲಿ ನೀರಿಗೆ, ಬಾವಿಗೆ ಅದು ಒಳ್ಳೆಯದು. ಹಳ್ಳದಲ್ಲಿ ಹುಡುಕಲು ಪ್ರಯೋಜನ ಇಲ್ಲ, ಯಾಕೆಂದರೆ ತೆರೆದ ಹಳ್ಳದ ನೀರು ಬಹುತೇಕ ಎಲ್ಲ ಕಡೆಯೂ ಕಪ್ಪಾಗುತ್ತದೆ. ಎಷ್ಟು ಅಂತ ಎಣಿಸಿ ಹೇಳುವ ಪರೀಕ್ಷೆಯೇ ಬೇಕು. ಒಟ್ಟು ಕೋಲಿಫಾರ್ಮ್ ಅಂದರೆ ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾಗಳ ದೊಡ್ಡ ಗುಂಪು, ಅದು ಮಣ್ಣು, ಎಲೆಯಲ್ಲೂ ಇರುತ್ತದೆ. ಹಾಗಾಗಿ ಇ. ಕೋಲಿ ಬೇರೆಯಾಗಿ ಕೇಳಿ.

ವರದಿ ಬಂದ ಮೇಲೆ ಇನ್ನೊಂದು ಎಡವಟ್ಟು ಆಗುತ್ತದೆ. ಹಳ್ಳದ ನೀರನ್ನು ನಲ್ಲಿ ನೀರಿನ ಮಾನದಂಡಕ್ಕೆ ಹೋಲಿಸಿ ಕೂಗಾಡುತ್ತಾರೆ. ಐಎಸ್ 10500 ಅನ್ನುವ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೇ ಒಂದು ಇ. ಕೋಲಿಯೂ ಇರಬಾರದು. ಅದು ನಲ್ಲಿಗೆ. ಹಳ್ಳಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗಗಳಿವೆ. ಶುದ್ಧೀಕರಿಸಿ ಕುಡಿಯಲು ಕೊಡುವ ಮೂಲ 'ಸಿ' ವರ್ಗ: ಒಟ್ಟು ಕೋಲಿಫಾರ್ಮ್ 100 ಮಿಲಿಲೀಟರಿಗೆ 5000 ಮೀರಬಾರದು, ಬಿಒಡಿ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 4 ಮಿಲಿಗ್ರಾಂಗಿಂತ ಕಮ್ಮಿಯಾಗಬಾರದು. ದೂರಿನಲ್ಲಿ ಈ ಸಾಲು ಬರೆಯಿರಿ.

ಹಂತ 9: ದೂರು

ನೀವು ತೆಗೆಸಿದ ವರದಿಯಿಂದ ನೇರವಾಗಿ ಯಾರಿಗೂ ಶಿಕ್ಷೆ ಆಗುವುದಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 21ನೇ ಕಲಮಿನ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ಮಾದರಿ ತೆಗೆಯಬೇಕು. ಜಾಗದವರಿಗೆ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಸೀಲು ಹಾಕಿ ಸಹಿ ಮಾಡಬೇಕು. ಅಂದರೆ ಇಷ್ಟು ದಿನ ನೀವು ಮಾಡಿದ್ದು, ಆ ಅಧಿಕಾರಿ ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಬರುವ ಹಾಗೆ ಮಾಡುವ ತಯಾರಿ.

ದೂರು ಎರಡು ಪುಟ ಮೀರದಿರಲಿ. ಕೈಬರಹದ ನಕ್ಷೆ, ಸರ್ವೆ ನಂಬರ್, ಮೇಲೆ ಕೆಳಗಿನ ಸಂಖ್ಯೆಗಳ ಪಟ್ಟಿ, ಫೋಟೋ, ಮತ್ತು "ರಾತ್ರಿ 9ರಿಂದ 12ರ ನಡುವೆ ಬಂದರೆ ಸಿಗುತ್ತದೆ" ಅನ್ನುವ ಸಾಲು. ಯಾರನ್ನೂ ಬೈಯಬೇಡಿ, ಮಾಲೀಕರ ಹೆಸರಿನ ಬದಲು ಜಾಗ ಬರೆಯಿರಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯ ಪರಿಸರ ಅಧಿಕಾರಿಗೆ ಒಂದು, ನಗರಸಭೆಗೋ ಪಟ್ಟಣ ಪಂಚಾಯಿತಿಗೋ ಒಂದು, ಮೂಲ ಇರುವ ಗ್ರಾಮ ಪಂಚಾಯಿತಿಯ ಪಿಡಿಒಗೆ ಒಂದು. ಮೂರಕ್ಕೂ ಸ್ವೀಕೃತಿ ತೆಗೆದುಕೊಳ್ಳಿ. ಏನೂ ಆಗದಿದ್ದರೆ ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಇದೆ. ಅಲ್ಲಿಗೆ ಹೋಗಲು ಸಾಮಾನ್ಯವಾಗಿ 6 ತಿಂಗಳ ಗಡುವು, ಹಾಗಾಗಿ ಮೊದಲ ಸಲ ಕಂಡ ತಾರೀಕು ನೋಟ್‌ಬುಕ್ಕಿನಲ್ಲಿ ಇರಲೇಬೇಕು.

ಇದಕ್ಕೂ ಮುಂಚೆ ಒಂದು ಕೆಲಸ ಮಾಡಿ ನೋಡಿ ಅಂತ ನಾನು ಹೇಳುತ್ತೇನೆ. ಕಾನೂನು ಗೊತ್ತಿದ್ದವರು ಒಪ್ಪದೇ ಇರಬಹುದು. ರಾತ್ರಿ ಬೇಕಂತಲೇ ಟ್ಯಾಂಕರ್ ಖಾಲಿ ಮಾಡುವವರ ವಿಷಯ ಬೇರೆ. ಆದರೆ ತೊಟ್ಟಿಯ ಗೋಡೆ ಬಿರುಕು ಬಿಟ್ಟ ಸಣ್ಣ ಬೆಳೆಗಾರರು, ಇಂಗುಗುಂಡಿ ತುಂಬಿದ್ದು ಗೊತ್ತೇ ಇಲ್ಲದ ಹೋಮ್‌ಸ್ಟೇಯವರು ಬಹಳ. ಸಂಖ್ಯೆಗಳ ಹಾಳೆ ಹಿಡಿದು, ಅವರಿಗೆ ಗುರುತಿರುವ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಹತ್ತಿಯ ಉಂಡೆಗೆ ಅವರೆದುರೇ ಟಾರ್ಚು ಬಿಟ್ಟು ತೋರಿಸಿ. ಅದೇ ವಾರ ಮೇಸ್ತ್ರಿ ಬಂದದ್ದನ್ನು ನೋಡಿದ್ದೇನೆ.

ರಿಪೇರಿ ಆಯಿತು ಅಂದ ಮೇಲೆ ಅದೇ ಕಲ್ಲಿನ ಹತ್ತಿರ, ಅದೇ ಹೊತ್ತಿಗೆ, ಅದೇ ಪೆನ್ನಿನಿಂದ ಮತ್ತೆ ಅಳೆಯಿರಿ. ಮಾರ್ಚ್‌ನಲ್ಲಿ ಪಲ್ಪರ್ ನಿಂತಾಗ ನೀರು ತಾನಾಗಿಯೇ ಚೆನ್ನಾಗುತ್ತದೆ, ಅದನ್ನು ನಂಬಬೇಡಿ. ಮುಂದಿನ ಡಿಸೆಂಬರ್‌ನ ಒಂದು ರಾತ್ರಿಗೆ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪೆನ್ನಿನ ಬ್ಯಾಟರಿ ತೆಗೆದಿಡಿ, ಮಲೆನಾಡಿನ ಮಳೆಗಾಲಕ್ಕೆ ಒಳಗೇ ತುಕ್ಕು ಹಿಡಿಯುತ್ತದೆ.